ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಆಸ್ಪತ್ರೆಯ ಕೆಲಸಗಳನ್ನು ಪರಿಚಯ ಮಾಡಿಸುವುದು ಹೇಗೆ?

ಮಲ್ಲಿಗೆಬಳ್ಳಿ, ಹಾಸನ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಹೋದ ವಾರ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಚೀಟಿ ಕೊಟ್ಟು, ಮುಂದೆ ಏನಾಗಬೇಕು ಅಂತ ಇದೆ ಬರೆಯಿರಿ ಎಂದೆ. 34 ಮಕ್ಕಳಲ್ಲಿ 11 ಜನ ಡಾಕ್ಟರ್ ಎಂದು ಬರೆದಿದ್ದರು. ಮೂವರು ನರ್ಸ್. ಆಸ್ಪತ್ರೆಯ ಬೇರೆ ಯಾವ ಕೆಲಸದ ಹೆಸರೂ ಒಂದು ಚೀಟಿಯಲ್ಲೂ ಇರಲಿಲ್ಲ.

ಆಮೇಲೆ ಕೇಳಿದೆ, ನಿಮ್ಮ ಮನೆಯಲ್ಲಿ ಯಾರಿಗಾದರೂ ರಕ್ತ ಪರೀಕ್ಷೆ ಆಗಿದೆಯಾ? ಹೆಚ್ಚುಕಡಿಮೆ ಎಲ್ಲರೂ ಕೈ ಎತ್ತಿದರು. ಆ ರಕ್ತ ಪರೀಕ್ಷೆ ಮಾಡಿದ್ದು ಯಾರು? "ಡಾಕ್ಟರ್ ಮಿಸ್" ಎಂದರು.

ಒಬ್ಬ ಹುಡುಗನ ಅಜ್ಜನಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೆ ಎರಡು ಸಲ ಡಯಾಲಿಸಿಸ್ (ಕಿಡ್ನಿಯ ಬದಲು ಮೆಷಿನ್ ರಕ್ತ ಶುದ್ಧ ಮಾಡುವುದು) ನಡೆಯುತ್ತದೆ. ರಜೆ ಇದ್ದಾಗ ಇವನೇ ಜೊತೆಗೆ ಹೋಗುತ್ತಾನೆ. ಮೆಷಿನ್ ನೋಡಿಕೊಳ್ಳುವ ಅಣ್ಣನ ಹೆಸರು ಗೊತ್ತು, ಊರು ಗೊತ್ತು, ಯಾವ ಬೈಕ್ ಅಂತಲೂ ಗೊತ್ತು. ಆದರೆ ಆ ಅಣ್ಣ ಏನು ಓದಿ ಅಲ್ಲಿಗೆ ಬಂದ ಅಂತ ಗೊತ್ತಿಲ್ಲ. ಕೇಳಬಹುದು ಅಂತಲೇ ಅವನಿಗೆ ಹೊಳೆದಿರಲಿಲ್ಲ. ಹತ್ತನೇ ಕ್ಲಾಸಿನ "ಜೀವಕ್ರಿಯೆಗಳು" ಪಾಠದಲ್ಲಿ ಡಯಾಲಿಸಿಸ್ ಬಗ್ಗೆ ಒಂದು ಚೌಕಟ್ಟು ಇದೆ. ನಾನು ಇಷ್ಟು ವರ್ಷ ಅದನ್ನು ಓದಿಸಿ ಮುಂದೆ ಹೋಗಿದ್ದೇನೆ.

ನನಗೆ ಚಿಂತೆ ಏನೆಂದರೆ, ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಂದ ಸ್ವಲ್ಪ ದಿನಕ್ಕೇ ಪಿಯುಸಿ ಫಾರ್ಮ್ ತುಂಬಬೇಕು. ಸೈನ್ಸ್ ಕಷ್ಟ, ಖರ್ಚು ಜಾಸ್ತಿ ಅಂತ ಯಾರೋ ಹೇಳುತ್ತಾರೆ, ಮಗು ಬೇರೆ ಕಾಂಬಿನೇಷನ್ ತಗೊಳ್ಳುತ್ತದೆ. ಬಯಾಲಜಿ ಬಿಟ್ಟಿದ್ದಕ್ಕೆ ಏನೇನು ತಪ್ಪಿಹೋಯಿತು ಅಂತ ಎರಡು ವರ್ಷ ಆದ ಮೇಲೆ ತಿಳಿಯುತ್ತದೆ. ಅದಕ್ಕೇ ಒಂಬತ್ತರಲ್ಲೇ ಏನಾದರೂ ಮಾಡಬೇಕು ಅಂತಿದ್ದೇನೆ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಇಲ್ಲಿದ್ದರೆ ದಯವಿಟ್ಟು ಹೇಳಿ. ಎಲ್ಲಿಂದ ಶುರು ಮಾಡಲಿ?

ತುಂಗಾತೀರ, ಶಿವಮೊಗ್ಗ

ಮೇಡಂ, ನಾನು ಲ್ಯಾಬ್ ಟೆಕ್ನೀಷಿಯನ್. ನಿಮ್ಮ ಮಕ್ಕಳು ಹೇಳಿದ ಉತ್ತರ ನನಗೆ ಹೊಸದಲ್ಲ. ನಮ್ಮಮ್ಮನೇ ಬಹಳ ವರ್ಷ, ಮಗ ಆಸ್ಪತ್ರೆಯಲ್ಲಿ "ಏನೋ ರಕ್ತ ತೆಗೆಯುವ ಕೆಲಸ" ಮಾಡುತ್ತಾನೆ ಎನ್ನುತ್ತಿದ್ದರು.

ಕ್ಲಾಸಿಗೆ ಖಾಲಿ ಟ್ಯೂಬುಗಳನ್ನು ತನ್ನಿ. ಯಾವ ಲ್ಯಾಬಿನಲ್ಲಿ ಕೇಳಿದರೂ ಬಳಸದೇ ಇರುವ ನಾಲ್ಕು ಟ್ಯೂಬ್ ಕೊಡುತ್ತಾರೆ. ನೇರಳೆ ಮುಚ್ಚಳದ್ದು ರಕ್ತಕಣ ಎಣಿಸಲು, ಅದರಲ್ಲಿ ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಎನ್ನುವ ರಾಸಾಯನಿಕ ಇರುತ್ತದೆ. ಬೂದು ಮುಚ್ಚಳದ್ದು ಶುಗರ್‌ಗೆ. ಅದರಲ್ಲಿರುವ ಫ್ಲೋರೈಡ್, ರಕ್ತಕಣಗಳು ಸಕ್ಕರೆ ತಿನ್ನದಂತೆ ತಡೆಯುತ್ತದೆ. ಟ್ಯೂಬಿಗೆ ಬಂದ ಮೇಲೂ ರಕ್ತಕಣಗಳು ಜೀವಂತ ಇರುತ್ತವೆ, ಸಕ್ಕರೆ ಬಳಸುತ್ತಲೇ ಇರುತ್ತವೆ, ಹಾಗಾಗಿ ತಡವಾದರೆ ರಿಪೋರ್ಟಿನಲ್ಲಿ ಸಕ್ಕರೆ ಕಡಿಮೆ ತೋರಿಸುತ್ತದೆ. ಇದನ್ನು ಹೇಳಿ ನೋಡಿ, ಮಕ್ಕಳ ಕಣ್ಣು ಹೇಗೆ ಅರಳುತ್ತದೆ ಅಂತ. ತಿಳಿ ನೀಲಿ ಮುಚ್ಚಳ ರಕ್ತ ಹೆಪ್ಪುಗಟ್ಟುವ ಸಮಯ ನೋಡಲು. ಕೆಂಪು ಮುಚ್ಚಳದ್ದರಲ್ಲಿ ರಕ್ತ ಹೆಪ್ಪುಗಟ್ಟಲೇಬೇಕು, ಮೇಲೆ ನಿಲ್ಲುವ ತಿಳಿ ದ್ರವ, ಅಂದರೆ ಸೀರಂ, ನಮಗೆ ಬೇಕು.

ಒಂದು ವಿನಂತಿ. ಮಕ್ಕಳ ಬೆರಳಿಗೆ ಚುಚ್ಚಿ ಬ್ಲಡ್ ಗ್ರೂಪ್ ನೋಡುವ ಪ್ರಯೋಗವನ್ನು ಕ್ಲಾಸಿನಲ್ಲಿ ಮಾಡಬೇಡಿ. ಸೂಜಿಯ ವಿಷಯ ಹುಡುಗಾಟ ಅಲ್ಲ. ತಯಾರಾದ ಸ್ಲೈಡ್ ತಂದು ಶಾಲೆಯ ಮೈಕ್ರೋಸ್ಕೋಪಿನಲ್ಲಿ ತೋರಿಸಿದರೆ ಸಾಕು.

ನಾನು ಎಸ್‌ಎಸ್‌ಎಲ್‌ಸಿ ಮುಗಿಸಿ ನೇರವಾಗಿ ಮೂರು ವರ್ಷದ ಡಿಎಂಎಲ್‌ಟಿ (ಲ್ಯಾಬ್ ಟೆಕ್ನೀಷಿಯನ್ ಡಿಪ್ಲೊಮಾ) ಮಾಡಿದವನು. ಪಿಯುಸಿ ಸೈನ್ಸ್ ಮಾಡಿ ಬಂದವರಿಗೆ ಆಗ ಎರಡು ವರ್ಷ ಇತ್ತು. ಎಕ್ಸ್-ರೇ, ಆಪರೇಷನ್ ಥಿಯೇಟರ್, ಡಯಾಲಿಸಿಸ್, ಹೆಲ್ತ್ ಇನ್‌ಸ್ಪೆಕ್ಟರ್ ಡಿಪ್ಲೊಮಾಗಳೂ ಹಾಗೇ ಇದ್ದವು. 2021ರಲ್ಲಿ ಇಂಥ ಕೆಲಸಗಳಿಗೆ, ಅಂದರೆ ಅಲೈಡ್ ಹೆಲ್ತ್‌ಗೆ ಅಂತಲೇ ಕೇಂದ್ರದ ಕಾಯ್ದೆ ಬಂದಿದೆ. ಅಲ್ಲಿಂದ ಈಚೆಗೆ ನಿಯಮಗಳು ಬದಲಾಗುತ್ತಿವೆ. ನನ್ನ ಕಾಲದ ಲೆಕ್ಕ ನಂಬಬೇಡಿ, ಆಯಾ ವರ್ಷದ ಅಧಿಸೂಚನೆ ನೋಡಿಯೇ ಮಕ್ಕಳಿಗೆ ಹೇಳಿ.

ಪಿಯು ಉಪನ್ಯಾಸಕ, ತುಮಕೂರು

ಒಳ್ಳೆಯ ಉದ್ದೇಶ. ಆದರೆ ನನಗೆ ಸ್ವಲ್ಪ ಭಿನ್ನ ಅಭಿಪ್ರಾಯ ಇದೆ. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ನನ್ನ ಕ್ಲಾಸಿಗೆ ಬರುತ್ತಾರೆ. ಬುದ್ಧಿವಂತರು. ಜೂನ್‌ನಲ್ಲಿ ಮುಂದಿನ ಬೆಂಚಿನಲ್ಲಿ ಕೂರುತ್ತಾರೆ, ಸೆಪ್ಟೆಂಬರ್ ಹೊತ್ತಿಗೆ ಹಿಂದಿನ ಬೆಂಚಿಗೆ ಹೋಗಿರುತ್ತಾರೆ. ಅವರಿಗೆ ವಿಷಯ ಬರುವುದಿಲ್ಲ ಅಂತಲ್ಲ, ಪದ ಬರುವುದಿಲ್ಲ. ದ್ಯುತಿಸಂಶ್ಲೇಷಣೆಯನ್ನು ಚೆನ್ನಾಗಿ ವಿವರಿಸುವ ಹುಡುಗಿ ಫೋಟೋಸಿಂಥೆಸಿಸ್ ಎಂದಾಗ ಸುಮ್ಮನೆ ಕೂರುತ್ತಾಳೆ. ಆಸ್ಪತ್ರೆ ತೋರಿಸಿ ಆಸೆ ಹುಟ್ಟಿಸಿ, ಆಮೇಲೆ ಪಿಯುಸಿಯಲ್ಲಿ ಫೇಲ್ ಆದರೆ?

ನನ್ನ ಸಲಹೆ ಇಷ್ಟೇ. ಒಂಬತ್ತರಿಂದಲೇ ಬೋರ್ಡಿನ ಒಂದು ಮೂಲೆಯಲ್ಲಿ ದಿನಕ್ಕೆ ಎರಡು ಪದ ಬರೆಯಿರಿ. ಮೂತ್ರಪಿಂಡ, ಕಿಡ್ನಿ, ರೀನಲ್. ಯಕೃತ್ತು, ಲಿವರ್, ಹೆಪಾಟಿಕ್. ಅಪಧಮನಿ, ಆರ್ಟರಿ. ಎಲ್ಲವನ್ನೂ ಕನ್ನಡ ಲಿಪಿಯಲ್ಲೇ ಬರೆಯಿರಿ, ಪಕ್ಕದಲ್ಲಿ ಇಂಗ್ಲಿಷ್ ಸ್ಪೆಲ್ಲಿಂಗ್ ಇರಲಿ. ಎರಡು ವರ್ಷಕ್ಕೆ ಏಳೆಂಟು ನೂರು ಪದ ಆಗುತ್ತವೆ. ಇದು ಆಸ್ಪತ್ರೆ ಭೇಟಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಮಲ್ಲಿಗೆಬಳ್ಳಿ, ಹಾಸನ ಜಿಲ್ಲೆ

ಸರ್, ಈ ಪದಗಳ ಯೋಚನೆಯನ್ನು ನಾಳೆಯಿಂದಲೇ ಶುರು ಮಾಡುತ್ತೇನೆ. ಆದರೆ ಎರಡನ್ನೂ ಮಾಡಬಹುದು ಅಲ್ವಾ? ರೀನಲ್ ಅನ್ನುವ ಪದ ಕಲಿಯಲು ಆ ಹುಡುಗನಿಗೆ ಕಾರಣ ಬೇಕು. ಅವನ ಅಜ್ಜನ ಫೈಲಿನ ಮೇಲೆ ಅದೇ ಪದ ಬರೆದಿರುತ್ತದೆ.

ಬಿಸಿಲನಾಡು, ಕೊಪ್ಪಳ

ನೇರವಾಗಿ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಾನು ಒಬ್ಬ ತಂದೆ. ಮಗಳು ಎಂಟನೇ ಕ್ಲಾಸು, ಸರ್ಕಾರಿ ಶಾಲೆ. ಸಿಟಿಯ ದೊಡ್ಡ ಶಾಲೆಗಳಲ್ಲಿ ಏಳನೇ ಕ್ಲಾಸಿನಿಂದಲೇ ಮೆಡಿಕಲ್ ಪ್ರವೇಶ ಪರೀಕ್ಷೆಗೆ ನೀಟ್ ಫೌಂಡೇಶನ್ ಅಂತ ನಡೆಸುತ್ತಾರೆ. ಅಲ್ಲಿನ ಮಕ್ಕಳಿಗೆ ಯಾರೂ "ಲ್ಯಾಬ್ ಟೆಕ್ನೀಷಿಯನ್ ಕೂಡ ಒಳ್ಳೆಯ ಕೆಲಸ" ಎಂದು ಹೇಳುವುದಿಲ್ಲ. ನಮ್ಮ ಮಕ್ಕಳಿಗೆ ಮಾತ್ರ ಮೊದಲೇ ಚಿಕ್ಕ ಕನಸು ಹಂಚುತ್ತೀರಾ? 11 ಮಕ್ಕಳು ಡಾಕ್ಟರ್ ಎಂದು ಬರೆದಿದ್ದಾರೆ. ಆ 11 ಮಕ್ಕಳಿಗೆ ದಾರಿ ತೋರಿಸಿ ಮೊದಲು.

ಪಶ್ಚಿಮಘಟ್ಟ, ಚಿಕ್ಕಮಗಳೂರು

ಮೇಲಿನ ತಂದೆಯ ಮಾತು ನನಗೆ ನಾಟಿತು. ಉತ್ತರ ಕೊಡದೆ ಇರಲು ಆಗಲಿಲ್ಲ.

ನಾನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ (ಪಿಎಚ್‌ಸಿ) ವೈದ್ಯಾಧಿಕಾರಿ. ಹತ್ತನೇ ಕ್ಲಾಸಿನ ತನಕ ಕನ್ನಡ ಮಾಧ್ಯಮ, ಹಳ್ಳಿಯ ಸರ್ಕಾರಿ ಶಾಲೆ. ನನಗೆ ಮೆಡಿಕಲ್ ಸೀಟು ಸಿಕ್ಕಿದ್ದು ಗ್ರಾಮೀಣ ಮೀಸಲಾತಿಯಲ್ಲಿ. ನಮ್ಮ ರಾಜ್ಯದ ಸರ್ಕಾರಿ ಕೋಟಾದ ಸೀಟುಗಳಲ್ಲಿ ಒಂದರಿಂದ ಹತ್ತರ ತನಕ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇಕಡಾ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಇದೆ. ನಿಮ್ಮ ಕೊಪ್ಪಳದವರಿಗೆ ಕಲ್ಯಾಣ ಕರ್ನಾಟಕದ 371ಜೆ ಮೀಸಲಾತಿ ಬೇರೆ ಇದೆ. ಎಷ್ಟೋ ಹೈಸ್ಕೂಲಿನ ಮಕ್ಕಳಿಗೆ ಇದು ಗೊತ್ತೇ ಇಲ್ಲ. ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು. ಕೊನೆಯ ವಾರದಲ್ಲಿ ಓಡಾಡಿ ಕೈ ತಪ್ಪಿಸಿಕೊಂಡವರನ್ನು ನೋಡಿದ್ದೇನೆ. ಮೇಡಂ, ಹತ್ತನೇ ಕ್ಲಾಸು ಮುಗಿಯುತ್ತಿದ್ದ ಹಾಗೇ ಶಾಲೆಯಿಂದಲೇ ಆ ಪತ್ರ ಮಾಡಿಸಿಕೊಡಿ. ಡಾಕ್ಟರ್ ಆಗಬೇಕು ಎನ್ನುವ 11 ಮಕ್ಕಳಿಗೆ ಅದು ಬೇಕೇ ಬೇಕು.

ಇನ್ನೊಂದು ಕಡೆಯನ್ನೂ ಹೇಳಬೇಕು. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಜಾಸ್ತಿ. ಆ ವರ್ಷ ಇಡೀ ದೇಶದ ಎಂಬಿಬಿಎಸ್ ಸೀಟು ಒಂದು ಲಕ್ಷದ ಸ್ವಲ್ಪ ಆಚೆ. ಅದರಲ್ಲಿ ಬಡವರ ಕೈಗೆ ಎಟುಕುವ ಸರ್ಕಾರಿ ಸೀಟು ಸುಮಾರು ಅರ್ಧ. ನನ್ನ ಜೊತೆ ಓದಿದ ಒಬ್ಬ ಹುಡುಗ ಪ್ರವೇಶ ಪರೀಕ್ಷೆಯನ್ನು ಮೂರು ಸಲ ಬರೆದ. ಮೂರನೇ ಸಲವೂ ಸಿಗದಾಗ ಊರಿಗೆ ವಾಪಸ್ ಬಂದು ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ಅವನಿಗೆ ರೋಗಿಗಳ ಸೇವೆ ಮಾಡುವ ಆಸೆ ನಿಜವಾಗಿಯೂ ಇತ್ತು. ಆ ಆಸೆಗೆ ಬೇರೆ ಬಾಗಿಲುಗಳೂ ಇವೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಅವನು ಈಗ ಬೇರೆ ಕೆಲಸದಲ್ಲಿದ್ದಾನೆ. ಸಿಕ್ಕಾಗಲೆಲ್ಲ ಆಸ್ಪತ್ರೆಯ ವಿಷಯವನ್ನೇ ಕೇಳುತ್ತಾನೆ.

ನಾನು ಒಬ್ಬನೇ ಆಸ್ಪತ್ರೆ ನಡೆಸಲಾರೆ ಸರ್. ಬಯಲು ಸೀಮೆಯಲ್ಲಿ 30,000 ಜನಕ್ಕೆ, ನಮ್ಮಂಥ ಗುಡ್ಡಗಾಡಿನಲ್ಲಿ 20,000 ಜನಕ್ಕೆ ಒಂದು ಪಿಎಚ್‌ಸಿ ಎನ್ನುವುದು ಲೆಕ್ಕ. ಲ್ಯಾಬಿನವರು ರಜೆ ಹಾಕಿದ ದಿನ ನಾನು ಅರ್ಧ ಕುರುಡ. ಮಗಳಿಗೆ ದೊಡ್ಡ ಕನಸೇ ಇರಲಿ. ಜೊತೆಗೆ ಇಡೀ ಆಸ್ಪತ್ರೆಯ ಪರಿಚಯವೂ ಆಗಲಿ.

ಸಿಸ್ಟರ್ ಅಕ್ಕ, ಬೆಳಗಾವಿ

22 ವರ್ಷದಿಂದ ಸ್ಟಾಫ್ ನರ್ಸ್. ಭೇಟಿಯ ಬಗ್ಗೆ ಕೆಲವು ಮಾತು ಹೇಳುತ್ತೇನೆ, ಇದರಲ್ಲಿ ರಾಜಿ ಬೇಡ.

ಜಿಲ್ಲಾಸ್ಪತ್ರೆಗೆ ಬಸ್ ತುಂಬಿಸಿಕೊಂಡು ಬರಬೇಡಿ. ಪಿಎಚ್‌ಸಿ ಅಥವಾ ತಾಲ್ಲೂಕು ಆಸ್ಪತ್ರೆ ಸಾಕು. ವೈದ್ಯಾಧಿಕಾರಿಯ ಒಪ್ಪಿಗೆ, ಬಿಇಒ ಒಪ್ಪಿಗೆ, ಪ್ರತಿ ಮಗುವಿನ ಪಾಲಕರ ಪತ್ರ, ಮೂರೂ ಇರಲಿ. ಬೆಳಗ್ಗೆ ಓಪಿಡಿ ತುಂಬಿರುತ್ತದೆ, ಮಧ್ಯಾಹ್ನ ಎರಡರ ಮೇಲೆ ಬನ್ನಿ. ಒಂದು ಗುಂಪಿಗೆ ಎಂಟು ಮಕ್ಕಳು. ಫೋಟೋ ಬೇಡ, ಒಂದೂ ಬೇಡ. ಹಾಸಿಗೆಯ ಮೇಲೆ ಮಲಗಿರುವವರು ಯಾರದ್ದೋ ತಾಯಿ, ಅವರನ್ನು ನೋಡಲು ಮಕ್ಕಳನ್ನು ಸಾಲಾಗಿ ನಿಲ್ಲಿಸಬೇಡಿ. ಕ್ಷಯದ ವಿಭಾಗದ ಕಡೆ ಹೋಗುವುದೇ ಬೇಡ. ಬಂದ ತಕ್ಷಣ ಕೈ ತೊಳೆಯುವುದನ್ನು ಕಲಿಸುತ್ತೇವೆ. ನಮ್ಮ ಕೆಲಸ ಶುರುವಾಗುವುದೇ ಅಲ್ಲಿಂದ.

ಇನ್ನು ಕೆಲಸದ ಬಗ್ಗೆ. ಮಕ್ಕಳಿಗೆ ಬರೀ ಸಿಹಿ ಹೇಳಬೇಡಿ. ನೈಟ್ ಡ್ಯೂಟಿ ಇದೆ. ಹಬ್ಬದ ದಿನ ಡ್ಯೂಟಿ ಇದೆ. ಬೆನ್ನು ನೋವು ಇದೆ. ಖಾಸಗಿಯಲ್ಲಿ ಶುರುವಿನ ಸಂಬಳ ಕೈಗೆ ಸಾಲದು. ರೋಗಿಯ ಕಡೆಯವರು ಬೈಯುತ್ತಾರೆ, ಕೆಲವು ಸಲ ಕಾರಣವಿಲ್ಲದೆ ಬೈಯುತ್ತಾರೆ. ಆದರೆ ಮೊನ್ನೆ ಒಬ್ಬ ಹೆಂಗಸು ಸಂತೆಯಲ್ಲಿ ನನ್ನ ಕೈ ಹಿಡಿದು ನಿಲ್ಲಿಸಿ, ಪಕ್ಕದಲ್ಲಿದ್ದ ಎತ್ತರದ ಹುಡುಗನಿಗೆ "ನೀ ಹುಟ್ಟಿದಾಗ ಅಳಲಿಲ್ಲ, ಇವರೇ ಅಳಿಸಿದ್ದು" ಎಂದು ಹೇಳಿದರು. ಅದು ಯಾವ ರಾತ್ರಿ ಅಂತ ನನಗೆ ನೆನಪಿಲ್ಲ. ಅಂಥ ರಾತ್ರಿಗಳು ಬಹಳ ಇವೆ.

ಓದಿನ ಲೆಕ್ಕ ಇದು. ಬಿಎಸ್‌ಸಿ ನರ್ಸಿಂಗ್ ನಾಲ್ಕು ವರ್ಷ, ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಬೇಕು. ಜಿಎನ್‌ಎಂ ಎನ್ನುವ ನರ್ಸಿಂಗ್ ಡಿಪ್ಲೊಮಾ ಮೂರು ವರ್ಷ. ಇದಕ್ಕೆ ಆರ್ಟ್ಸ್ ಓದಿದವರೂ ಸೇರಬಹುದು, ಇಂಗ್ಲಿಷ್ ಪಾಸಾಗಿರಬೇಕು. ಜಿಎನ್‌ಎಂ ಮಾಡಿದವರು ಆಮೇಲೆ ಪೋಸ್ಟ್ ಬೇಸಿಕ್ ಎನ್ನುವ ಕೋರ್ಸ್ ಮಾಡಿ ಬಿಎಸ್‌ಸಿ ಪಡೆಯಬಹುದು. ನಾನು ಹಾಗೇ ಮಾಡಿದ್ದು, ಎರಡು ಮಕ್ಕಳಾದ ಮೇಲೆ.

ಗದ್ದೆಬಯಲು, ಮಂಡ್ಯ

ಹುಡುಗರಿಗೂ ನರ್ಸಿಂಗ್ ಹೇಳಿ ಮೇಡಂ. ನಾನು ಐಸಿಯುನಲ್ಲಿ ನರ್ಸ್. ಹೈಸ್ಕೂಲಿನಲ್ಲಿ ಯಾರಾದರೂ ಹೇಳಿದ್ದರೆ ಬಿಕಾಂಗೆ ಹಾಕಿದ ಮೂರು ವರ್ಷ ಉಳಿಯುತ್ತಿತ್ತು. ನಾನು ಆಮೇಲೆ ಸೇರಿದ್ದು ಜಿಎನ್‌ಎಂ.

ಕೆಂಡಸಂಪಿಗೆ, ಚಿತ್ರದುರ್ಗ

ಯಾವ ಕಾಲೇಜು ಅನ್ನುವುದನ್ನೂ ಹೇಳಿಕೊಡಿ. ಇದನ್ನು ಬರೆಯುವಾಗ ಈಗಲೂ ಸಂಕಟ ಆಗುತ್ತದೆ.

ನನ್ನ ತಂಗಿಯನ್ನು ಒಬ್ಬ ಏಜೆಂಟ್ ಮಾತು ಕೇಳಿ ನರ್ಸಿಂಗಿಗೆ ಸೇರಿಸಿದೆವು. ಕಟ್ಟಡ ಚೆನ್ನಾಗಿತ್ತು. ಮೊದಲ ದಿನವೇ ಮೂಲ ಅಂಕಪಟ್ಟಿಗಳನ್ನು ತೆಗೆದಿಟ್ಟುಕೊಂಡರು. ಕ್ಲಿನಿಕಲ್‌ಗೆ ಅಂತ ಕರೆದುಕೊಂಡು ಹೋಗುತ್ತಿದ್ದ ಆಸ್ಪತ್ರೆಯಲ್ಲಿ ರೋಗಿಗಳೇ ಇರುತ್ತಿರಲಿಲ್ಲ. ಎರಡನೇ ವರ್ಷ ಬಿಡುತ್ತೇನೆ ಎಂದಾಗ ಉಳಿದ ವರ್ಷಗಳ ಫೀಸನ್ನೂ ಕಟ್ಟಿ ಅಂಕಪಟ್ಟಿ ತಗೊಂಡು ಹೋಗಿ ಎಂದರು. ಅಪ್ಪ ಹಸು ಮಾರಿದರು.

ಆವತ್ತು ನಮಗೆ ಕೇಳಲು ಗೊತ್ತಿರಲಿಲ್ಲ. ಈಗ ಯಾರಾದರೂ ಕೇಳಿದರೆ ಹೇಳುತ್ತೇನೆ, ರಾಜ್ಯ ನರ್ಸಿಂಗ್ ಕೌನ್ಸಿಲ್ ಪಟ್ಟಿಯಲ್ಲಿ ಕಾಲೇಜಿನ ಹೆಸರು ಇದೆಯಾ ನೋಡಿ. ಡಿಗ್ರಿ ಆದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಇದೆಯಾ, ಅಥವಾ ಡೀಮ್ಡ್ ವಿಶ್ವವಿದ್ಯಾಲಯವಾ, ಅದನ್ನು ನೋಡಿ. ಪ್ರಾಕ್ಟಿಕಲ್ಸ್ ಯಾವ ಆಸ್ಪತ್ರೆಯಲ್ಲಿ ಎಂದು ಕೇಳಿ, ಒಂದು ದಿನ ಆ ಆಸ್ಪತ್ರೆಗೆ ಹೋಗಿ ಸುಮ್ನೆ ಕೂತು ಎಷ್ಟು ಜನ ಬರುತ್ತಾರೆ ನೋಡಿ. ಅಲ್ಲೇ ಓದುತ್ತಿರುವ ಇಬ್ಬರು ವಿದ್ಯಾರ್ಥಿಗಳನ್ನು ಗೇಟಿನ ಹೊರಗೆ ಮಾತಾಡಿಸಿ. ಏಜೆಂಟ್ ಬೇಡವೇ ಬೇಡ. ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕೌನ್ಸೆಲಿಂಗ್ ಮೂಲಕ ಸಿಗುವ ಸೀಟನ್ನು ಮೊದಲು ನೋಡಿ, ಫೀಸು ಎಷ್ಟು ಅಂತ ಅಲ್ಲಿ ಬರೆದೇ ಇರುತ್ತದೆ.

ಸಿಸ್ಟರ್ ಅಕ್ಕ, ಬೆಳಗಾವಿ

ಕೆಂಡಸಂಪಿಗೆ ಅವರೇ, ನಿಮ್ಮ ತಂಗಿ ಈಗ ಏನು ಮಾಡುತ್ತಿದ್ದಾರೆ?

ಕೆಂಡಸಂಪಿಗೆ, ಚಿತ್ರದುರ್ಗ

ಬೇರೆ ಕಡೆ ಮೊದಲಿನಿಂದ ಸೇರಿ ಮುಗಿಸಿದಳು ಅಕ್ಕ. ಈಗ ಸಮುದಾಯ ಆರೋಗ್ಯ ಅಧಿಕಾರಿ. ಊರಿನವರ ಬಿಪಿ, ಶುಗರ್ ಎಲ್ಲ ಅವಳೇ ನೋಡುತ್ತಾಳೆ.

ಮಾನಸಗಂಗೋತ್ರಿ, ಮೈಸೂರು

ಯಾರೂ ಹೇಳದ ಒಂದು ದಾರಿ ಹೇಳುತ್ತೇನೆ. ನಾನು ವಾಕ್ ಚಿಕಿತ್ಸಕಿ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮೈಸೂರಿನವರು ಸೀದಾ "ಸ್ಪೀಚ್ ಅಂಡ್ ಹಿಯರಿಂಗ್" ಎನ್ನುತ್ತಾರೆ. ದೇಶದ ಮೂಲೆಮೂಲೆಯಿಂದ ಇಲ್ಲಿಗೆ ಓದಲು ಬರುತ್ತಾರೆ. ನಮ್ಮ ಪಕ್ಕದ ಜಿಲ್ಲೆಯ ಮಕ್ಕಳಿಗೆ ಹೆಸರೇ ಗೊತ್ತಿರುವುದಿಲ್ಲ! ನಾಲ್ಕು ವರ್ಷದ ಕೋರ್ಸು, ಕೊನೆಯ ವರ್ಷ ಇಂಟರ್ನ್‌ಶಿಪ್.

ಲಕ್ವ ಹೊಡೆದು ಮಾತು ನಿಂತ ಯಜಮಾನರು ಮೂರು ತಿಂಗಳ ನಂತರ ಹೆಂಡತಿಯ ಹೆಸರು ಹೇಳುವುದನ್ನು ನಾನು ಕೇಳಿದ್ದೇನೆ. ಹುಟ್ಟಿನಿಂದ ಕಿವಿ ಕೇಳದ ಮಗು ಮೆಷಿನ್ ಹಾಕಿದಾಗ ಮೊದಲ ಸಲ ಶಬ್ದದ ಕಡೆ ತಿರುಗುವುದನ್ನು ನೋಡಿದ್ದೇನೆ. ಈ ಕೆಲಸಕ್ಕೆ ಕನ್ನಡ ಬಲ್ಲವರು ಬೇಕು. ಕಲಬುರಗಿಯ ಮಗುವಿಗೆ ಕಲಬುರಗಿಯ ಕನ್ನಡದಲ್ಲೇ ಮಾತು ಕಲಿಸಬೇಕಲ್ಲವೇ? ಕನ್ನಡ ಮಾಧ್ಯಮದಲ್ಲಿ ಓದಿದ್ದು ಕೊರತೆ ಅಂತ ಮಕ್ಕಳು ಅಂದುಕೊಂಡಿರುತ್ತಾರೆ. ಇಲ್ಲಿ ಅದೇ ಬಂಡವಾಳ.

ಹಾಗೇ ಹತ್ತನೇ ಕ್ಲಾಸಿನ ಕಣ್ಣಿನ ಪಾಠ ಮಾಡುವಾಗ ಆಪ್ಟೊಮೆಟ್ರಿ ಬಗ್ಗೆ ಹೇಳಿ. ಕಣ್ಣಿನ ಪವರ್ ನೋಡಿ ಕನ್ನಡಕ ಬರೆದುಕೊಡುವವರು ಎಲ್ಲರೂ ಕಣ್ಣಿನ ಡಾಕ್ಟರ್ ಅಲ್ಲ ಅಂತ ದೊಡ್ಡವರಿಗೂ ಗೊತ್ತಿಲ್ಲ.

ಕಡಲಾಚೆ, ಬರ್ಮಿಂಗ್‌ಹ್ಯಾಮ್

ನಾನು ಹಾವೇರಿ ಜಿಲ್ಲೆಯವಳು, ಇಲ್ಲಿ ಎನ್‌ಎಚ್‌ಎಸ್‌ನಲ್ಲಿ (ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ) ನರ್ಸ್. ಇಲ್ಲಿನ ಹೈಸ್ಕೂಲ್ ಮಕ್ಕಳು ವರ್ಕ್ ಎಕ್ಸ್‌ಪೀರಿಯನ್ಸ್ ಎಂದು ಒಂದೆರಡು ವಾರ ಯಾವುದಾದರೂ ಕೆಲಸದ ಜಾಗಕ್ಕೆ ಹೋಗುತ್ತಾರೆ. ನಮ್ಮ ಆಸ್ಪತ್ರೆಗೂ ಬರುತ್ತಾರೆ. ರೋಗಿಯನ್ನು ಮುಟ್ಟುವ ಕೆಲಸ ಕೊಡುವುದಿಲ್ಲ. ದಾಖಲೆ ವಿಭಾಗ, ಅಡುಗೆಮನೆ, ರಿಸೆಪ್ಷನ್, ಹೀಗೆ ಸುತ್ತಾಡಿಸುತ್ತೇವೆ. ಕೆಲವರು ಎರಡನೇ ದಿನವೇ "ಇದು ನನಗಲ್ಲ" ಎನ್ನುತ್ತಾರೆ. ಅದು ಗೊತ್ತಾಗುವುದೂ ಒಳ್ಳೆಯದೇ.

ವಿದೇಶದ ಆಸೆ ಇಟ್ಟುಕೊಂಡು ನರ್ಸಿಂಗಿಗೆ ಬರುವ ಮಕ್ಕಳಿಗೆ ಒಂದು ಮಾತು. ಇಂಗ್ಲಿಷ್ ಪರೀಕ್ಷೆ, ಕಂಪ್ಯೂಟರ್ ಪರೀಕ್ಷೆ, ಇಲ್ಲಿಗೆ ಬಂದ ಮೇಲೆ ಪ್ರಾಕ್ಟಿಕಲ್ ಪರೀಕ್ಷೆ, ಎಲ್ಲ ದಾಟಬೇಕು. ನನಗೆ ಇಂಗ್ಲಿಷ್ ಎರಡು ಸಲ ಹೋಯಿತು. ಮೂರನೇ ಸಲ ಬಂತು. ಇಲ್ಲಿ ಮಲಯಾಳಿ ನರ್ಸುಗಳು ಬಹಳ ಇದ್ದಾರೆ, ಅವರಲ್ಲಿ ಎಷ್ಟೋ ಜನ ಓದಿದ್ದು ಬೆಂಗಳೂರು, ಮಂಗಳೂರಿನಲ್ಲೇ. ಕಾಲೇಜು ನಮ್ಮೂರಲ್ಲಿ ಇದ್ದರೂ ನಮ್ಮ ಮಕ್ಕಳು ಯಾಕೆ ಕಡಿಮೆ ಅಂತ ನನಗೆ ಯಾವಾಗಲೂ ಅನಿಸುತ್ತದೆ. ಅವರ ಊರಿನಲ್ಲಿ ಪ್ರತಿ ಬೀದಿಗೂ ಒಬ್ಬ ನರ್ಸ್ ಅಕ್ಕ ಇರುತ್ತಾಳೆ, ಮಕ್ಕಳು ಕೇಳಿ ತಿಳಿದುಕೊಳ್ಳುತ್ತಾರೆ. ನಮ್ಮ ಹಳ್ಳಿಯಲ್ಲಿ ನನಗೆ ಕೇಳಲು ಯಾರೂ ಇರಲಿಲ್ಲ. ನಿಮ್ಮ ಮಕ್ಕಳ ಜೊತೆ ವಿಡಿಯೊ ಕಾಲ್‌ನಲ್ಲಿ ಮಾತಾಡಲು ನಾನು ಸಿದ್ಧ ಮೇಡಂ.

ಎಳೆಬಿಸಿಲು, ಧಾರವಾಡ

ಕೆಲವು ಸರ್ಕಾರಿ ಹೈಸ್ಕೂಲುಗಳಲ್ಲಿ ಎನ್‌ಎಸ್‌ಕ್ಯೂಎಫ್ ಎನ್ನುವ ವೃತ್ತಿಶಿಕ್ಷಣ ಚೌಕಟ್ಟಿನ ಅಡಿಯಲ್ಲಿ ಹೆಲ್ತ್‌ಕೇರ್ ಅನ್ನುವ ವಿಷಯವೇ ಇದೆ. ಒಂಬತ್ತರಲ್ಲಿ ತೆಗೆದುಕೊಳ್ಳಬಹುದು. ನಿಮ್ಮ ತಾಲ್ಲೂಕಿನಲ್ಲಿ ಯಾವ ಶಾಲೆಯಲ್ಲಿದೆ ಎಂದು ವಿಚಾರಿಸಿ, ಅಲ್ಲಿನ ಶಿಕ್ಷಕರನ್ನು ಒಂದು ದಿನ ಕರೆಸಿ. ಜೂನಿಯರ್ ರೆಡ್ ಕ್ರಾಸ್ ಘಟಕ ಇದ್ದರೆ ಪ್ರಥಮ ಚಿಕಿತ್ಸೆ ತರಬೇತಿ ಸುಲಭ.

ಬಿಸಿಲನಾಡು, ಕೊಪ್ಪಳ

ಡಾಕ್ಟರ್ ಸಾಹೇಬರ ಮಾತು, ಸಿಸ್ಟರ್ ಅವರ ಮಾತು ಎರಡನ್ನೂ ಮಗಳಿಗೆ ಓದಿ ಹೇಳಿದೆ. ಡಾಕ್ಟರ್ ಆಗುವುದೇ ಎಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಬಂದು, ಟ್ಯೂಬಿನಲ್ಲೂ ರಕ್ತ ಸಕ್ಕರೆ ತಿನ್ನುವುದು ನಿಜವೇನಪ್ಪಾ ಎಂದು ಕೇಳಿದಳು. ನಾನು ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರದ ಬಗ್ಗೆ ಶಾಲೆಯಲ್ಲಿ ಕೇಳಿ ಬಂದೆ. ಮೇಡಂ, ನನ್ನ ಮೊದಲಿನ ಮಾತು ಒರಟಾಗಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಮಲ್ಲಿಗೆಬಳ್ಳಿ, ಹಾಸನ ಜಿಲ್ಲೆ

ಒರಟಲ್ಲ ಸರ್, ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದಿರಿ. ನೀವು ಹೇಳಿದ್ದಕ್ಕೇ ಆ 11 ಮಕ್ಕಳ ಪಾಲಕರನ್ನು ಬೇರೆಯಾಗಿ ಕರೆದು ಮೀಸಲಾತಿ, ಪತ್ರ, ಹಾಸ್ಟೆಲ್, ವಿದ್ಯಾರ್ಥಿವೇತನದ ವಿಷಯ ಎಲ್ಲ ಮಾತಾಡಿದೆ.

ಎರಡು ತಿಂಗಳಾಯಿತು, ನಡೆದಿದ್ದನ್ನು ಹೇಳುತ್ತೇನೆ. ಬೋರ್ಡಿನ ಮೂಲೆಯಲ್ಲಿ ದಿನಾ ಎರಡು ಪದ ಬರೆಯುತ್ತಿದ್ದೇವೆ, ಈಗ 80ರ ಹತ್ತಿರ ಬಂದಿದ್ದೇವೆ. ಟ್ಯೂಬುಗಳನ್ನು ತಂದು ತೋರಿಸಿದೆ. ಬರ್ಮಿಂಗ್‌ಹ್ಯಾಮ್ ಅಕ್ಕನ ಜೊತೆ ಮಕ್ಕಳು ಮುಕ್ಕಾಲು ಗಂಟೆ ಮಾತಾಡಿದರು. ಎರಡು ಸಲ ಫೇಲ್ ಆಗಿದ್ದನ್ನು ಅವರು ಹೇಳಿದಾಗ ಕ್ಲಾಸು ಪೂರ್ತಿ ಮೌನವಾಗಿತ್ತು.

ನಾಲ್ಕು ಗುಂಪು ಮಾಡಿ, ನಾಲ್ಕು ಬುಧವಾರ ಪಿಎಚ್‌ಸಿಗೆ ಹೋದೆವು. ನಾನು ಅಂದುಕೊಂಡಿದ್ದು ಬೇರೆ, ಮಕ್ಕಳಿಗೆ ಹಿಡಿಸಿದ್ದು ಬೇರೆ. ಸ್ಟೆತೋಸ್ಕೋಪ್ ಹಾಕಿಕೊಂಡು ಎದೆಬಡಿತ ಕೇಳುವುದು ಇಷ್ಟವಾಗುತ್ತದೆ ಎಂದುಕೊಂಡಿದ್ದೆ. ಅದು ಐದು ನಿಮಿಷ ಅಷ್ಟೇ. ಅವರು ಬಿಟ್ಟು ಬರಲು ಒಪ್ಪದೇ ಇದ್ದಿದ್ದು ಲಸಿಕೆಯ ಫ್ರಿಜ್ ಹತ್ತಿರ. ಅದು 2ರಿಂದ 8 ಡಿಗ್ರಿ ಒಳಗೇ ಇರಬೇಕು. ಬೆಳಗ್ಗೆ ಸಂಜೆ ಉಷ್ಣತೆ ಬರೆದಿಡಬೇಕು. ಲಸಿಕೆ ನೋಡಿಕೊಳ್ಳುವ ಅಕ್ಕ, ಅಂದರೆ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ, ಒಂದು ಪೋಲಿಯೊ ಶೀಶೆ ತೆಗೆದು ಅದರ ಮೇಲಿನ ಚಿಕ್ಕ ಗುರುತು ತೋರಿಸಿದರು. ವೃತ್ತದ ಒಳಗೆ ಒಂದು ಚೌಕ. ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಸರಿಯಾಗಿದೆ. ಬಿಸಿ ತಾಗಿದ ಹಾಗೆ ಚೌಕ ಕಪ್ಪಾಗುತ್ತಾ ಹೋಗುತ್ತದೆ. ವೃತ್ತದ ಬಣ್ಣಕ್ಕೆ ಸಮ ಬಂದರೆ ಆ ಶೀಶೆಯನ್ನು ಬಳಸುವಂತಿಲ್ಲ. ಮಕ್ಕಳು ಒಬ್ಬರಾದ ಮೇಲೆ ಒಬ್ಬರು ಬಗ್ಗಿ ನೋಡಿದರು. ಕರೆಂಟ್ ಹೋದರೆ ಏನು ಮಾಡುತ್ತೀರಿ ಎಂದು ಹಿಂದೆ ನಿಂತಿದ್ದ ಹುಡುಗಿ ಕೇಳಿದಳು. ಕ್ಲಾಸಿನಲ್ಲಿ ಅವಳು ಬಾಯಿ ಬಿಟ್ಟಿದ್ದನ್ನು ನಾನು ನೋಡಿರಲಿಲ್ಲ. ಫ್ರಿಜ್‌ನ ಗೋಡೆಯೊಳಗೇ ಮಂಜುಗಡ್ಡೆಯ ಪದರ ಇರುತ್ತದೆ, ಬೇಗ ಬಿಸಿಯಾಗುವುದಿಲ್ಲ, ಜಾಸ್ತಿ ಹೊತ್ತು ಹೋದರೆ ಕೋಲ್ಡ್ ಬಾಕ್ಸಿಗೆ ಹಾಕುತ್ತೇವೆ ಎಂದರು. ಅವಳು ಅದನ್ನೆಲ್ಲ ಬರೆದುಕೊಂಡಳು. ವಾಪಸ್ ಬರುವಾಗ, ಆ ಅಕ್ಕ ಏನು ಓದಿದ್ದಾರೆ ಮಿಸ್ ಎಂದು ಕೇಳಿದಳು.

ಡಯಾಲಿಸಿಸ್ ಅಜ್ಜನ ಮೊಮ್ಮಗ ಆ ಅಣ್ಣನನ್ನು ಕೇಳಿಕೊಂಡು ಬಂದಿದ್ದಾನೆ. ಡಿಪ್ಲೊಮಾ ಮಾಡಿದ್ದಂತೆ. ಅಣ್ಣನನ್ನೇ ಒಂದು ಶನಿವಾರ ಶಾಲೆಗೆ ಕರೆತರುತ್ತೇನೆ ಎಂದಿದ್ದಾನೆ.

ಈಗ ಒಂದು ಸಹಾಯ ಬೇಕು. ಮುಂದಿನ ಶನಿವಾರ 108 ಆಂಬುಲೆನ್ಸಿನ ತಂತ್ರಜ್ಞರು ಬಂದು ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ ಮಾಡುವ ಪ್ರಥಮ ಚಿಕಿತ್ಸೆ) ಹೇಳಿಕೊಡಲು ಒಪ್ಪಿದ್ದಾರೆ. ಅಭ್ಯಾಸಕ್ಕೆ ಬೊಂಬೆ ಇಲ್ಲ. ದಿಂಬು ಇಟ್ಟು ಮಾಡಿದರೆ ನಡೆಯುತ್ತದೆಯೇ?

ಸಿಸ್ಟರ್ ಅಕ್ಕ, ಬೆಳಗಾವಿ

ದಿಂಬಿನಲ್ಲಿ ಲಯ ಕಲಿಯಬಹುದು, ನಿಮಿಷಕ್ಕೆ 100ರಿಂದ 120 ಒತ್ತು. ಆದರೆ 5 ಸೆಂಟಿಮೀಟರ್ ಆಳ ಒತ್ತುವುದು ಎಷ್ಟು ಬಲದ ಕೆಲಸ ಅಂತ ದಿಂಬಿನಲ್ಲಿ ತಿಳಿಯುವುದಿಲ್ಲ. ಹಾಸನದ ಒಂದು ನರ್ಸಿಂಗ್ ಕಾಲೇಜಿನಲ್ಲಿ ನನ್ನ ಜೂನಿಯರ್ ಪಾಠ ಮಾಡುತ್ತಾಳೆ. ಅವರ ಸ್ಕಿಲ್ ಲ್ಯಾಬಿನಲ್ಲಿ ಎರಡು ಬೊಂಬೆ ಇವೆ. ಈಗ ತಾನೇ ಫೋನ್ ಮಾಡಿದೆ, ಪ್ರಿನ್ಸಿಪಾಲರನ್ನು ಕೇಳಿ ಹೇಳುತ್ತೇನೆ ಎಂದಳು. ಶನಿವಾರ ಎಷ್ಟು ಗಂಟೆಗೆ?

ಮಲ್ಲಿಗೆಬಳ್ಳಿ, ಹಾಸನ ಜಿಲ್ಲೆ

ಬೆಳಗ್ಗೆ ಎಂಟೂವರೆಗೆ ಅಕ್ಕ. ಪ್ರಾರ್ಥನೆ ಮುಗಿದ ತಕ್ಷಣ.